ಮಳೆಗಾಲದ ಅಳತೆ

ಕುಮಟೆಯ ಹೆಸರು ಒಂದು ಕಾಲದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲಿ ವ್ಯಾಪಾರಿಗಳ ಬಾಯಲ್ಲಿ ಓಡಾಡುತ್ತಿತ್ತೆಂಬುದು ಈಗ ಅನೇಕರಿಗೆ ಆಶ್ಚರ್ಯವೆನಿಸಬಹುದು. ಧಾರವಾಡ ಸೀಮೆಯ ಎರೆನೆಲದಲ್ಲಿ ಬೆಳೆದ ಹತ್ತಿಯು ಹೇರೆತ್ತುಗಳ ಬೆನ್ನ ಮೇಲೆಯೂ ಬಂಡಿಗಳಲ್ಲಿಯೂ ಘಟ್ಟವನ್ನಿಳಿದು ಬಂದು, ಇಲ್ಲಿಯ ಬಂದರದಲ್ಲಿ ಹಡಗನ್ನೇರಿ ಮುಂಬಯಿಗೂ ಅಲ್ಲಿಂದ ವಿಲಾಯತಿಗೂ ಸಾಗುತ್ತಿದ್ದುದರಿಂದ, ಬೆಳೆದ ನೆಲದ ಹೆಸರು ಹಿಂದೆ ಬಿದ್ದು, ಹಡಗನ್ನೇರಿದ ಊರಿನ ಹೆಸರೇ ಆ ಹತ್ತಿಗೆ ನಿಂತುಬಿಟ್ಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹುಟ್ಟಿ, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದಂತಾದಾಗ, ಹಿಂದೂಸ್ಥಾನದ ಹತ್ತಿಯ ಬೆಲೆ ಯಾರೂ ಕಂಡರಿಯದ ಮಟ್ಟಕ್ಕೆ ಏರಿತು. ಮುಂಬಯಿ ಇಲಾಖೆಯ ಹತ್ತಿ ಸೀಮೆಗಳಲ್ಲಿ ಹಣ ಹರಿದಾಡಿತು. ಸಾಹುಕಾರರು ತಾವಾಗಿಯೇ ಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ಮುಂಬಯಿಯ ಷೇರು ವ್ಯಾಪಾರ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಮಾಡಿದ ಸಾಲ ಮಾತ್ರ ಹಾಗೆಯೇ ಉಳಿಯಿತು. ಪುಣೆ, ಅಹಮದನಗರ ಜಿಲ್ಲೆಗಳ ರೈತರು 1875ರಲ್ಲಿ ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ದಂಗೆಗೆ ಕಾರಣಗಳು ಹಲವಿದ್ದರೂ, ನಾಲ್ಕು ವರ್ಷಗಳ ಸಮೃದ್ಧಿಯನ್ನು ಶಾಶ್ವತವೆಂದು ಬಗೆದು ಹೊತ್ತ ಋಣವೂ ಅವುಗಳಲ್ಲಿ ಒಂದು. ಕುಮಟೆಯ ಹತ್ತಿ ವ್ಯಾಪಾರವಾದರೋ, 1880ರ ದಶಕದ ಕೊನೆಗೆ ಮಾರ್ಮಗೋವಾ ಬಂದರಕ್ಕೆ ರೈಲು ಬಂದ ತರುವಾಯ ಕ್ರಮೇಣ ಕ್ಷೀಣಿಸಿಹೋಯಿತು.

ಈ ಹಳೆಯ ವೃತ್ತಾಂತವನ್ನು ಸ್ಮರಿಸಲು ಕಾರಣವುಂಟು. ಸಾಲದಲ್ಲಿರುವವನು ಇತಿಮಿತಿಯಲ್ಲಿ ಬದುಕಬೇಕೆಂದು ಉಪದೇಶಿಸುವವರಿಗೆ ಎಂದೂ ಕೊರತೆಯಿಲ್ಲ. ಆದರೆ ಆ ಮಿತಿಯನ್ನು ಯಾವ ತಿಂಗಳ ಆದಾಯದಿಂದ ಅಳೆಯತಕ್ಕದ್ದು ಎಂಬುದನ್ನು ವಿವರಿಸಿ ಹೇಳುವವರು ವಿರಳ. ಸಂಬಳದವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಅವನ ಹನ್ನೆರಡು ತಿಂಗಳುಗಳೂ ಒಂದೇ ಅಳತೆಯವು. ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಈ ಮೂರು ತಾಲೂಕುಗಳ ಬಹುಪಾಲು ಸಂಸಾರಗಳಿಗೆ ಅಂಥ ಸೌಲಭ್ಯವಿಲ್ಲ. ಇಲ್ಲಿಯ ಜೀವನವನ್ನು ಹತ್ತಿರದಿಂದ ಬಲ್ಲವರಿಗೆ ಒಂದು ಮಾತು ಖಚಿತವಾಗಿ ತೋರುತ್ತದೆ: ಮನೆಯ ವೆಚ್ಚವನ್ನು ಮಳೆಗಾಲದ ಆದಾಯದಿಂದ ಅಳೆಯಬೇಕು, ಸಾಲವನ್ನು ಸುಗ್ಗಿಯ ಆದಾಯದಿಂದ ತೀರಿಸಬೇಕು. ಈ ಎರಡನ್ನೂ ಅದಲುಬದಲು ಮಾಡಿಕೊಂಡ ಸಂಸಾರವು ಎಷ್ಟೇ ದುಡಿದರೂ ಋಣದಿಂದ ಹೊರಬರುವುದು ಕಷ್ಟ.

ಇಲ್ಲಿ ಹಣ ಬರುವ ಗತಿಯನ್ನು ಸ್ವಲ್ಪ ಅವಲೋಕಿಸಬೇಕು. ಜೂನ್ 1ರಿಂದ ಜುಲೈ 31ರವರೆಗೆ, ಅರುವತ್ತೊಂದು ದಿನಗಳ ಕಾಲ, ಮೀನುಗಳ ಸಂತಾನವೃದ್ಧಿಯ ರಕ್ಷಣೆಗೆಂದು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ನಿಷಿದ್ಧ. ಆಗ ಕಾಸರಕೋಡ ಟೊಂಕದಲ್ಲಿಯೂ ತದಡಿಯಲ್ಲಿಯೂ ಭಟ್ಕಳದ ಬಂದರದಲ್ಲಿಯೂ ಬೋಟುಗಳು ದಡ ಹಿಡಿದು ನಿಲ್ಲುತ್ತವೆ, ಬೋಟಿನ ಕಲಾಸಿಗೆ ಬರುವ ಪಾಲೂ ನಿಲ್ಲುತ್ತದೆ, ಬುಟ್ಟಿ ಹೊತ್ತು ಊರೂರು ತಿರುಗುವ ಮೀನುಗಾರ ಮಹಿಳೆಯ ವ್ಯಾಪಾರವೂ ಬಡವಾಗುತ್ತದೆ. ಕುಮಟೆಯ ಅಳ್ವೆಕೋಡಿ, ಹಂದಿಗೋಣಗಳ ಕಡೆಯ ಸಿಹಿ ಈರುಳ್ಳಿ ಬೇಸಗೆಯಲ್ಲಿ ಜಡೆಜಡೆಯಾಗಿ ಹೆಣೆಯಲ್ಪಟ್ಟು ಹೆದ್ದಾರಿಯ ಮಗ್ಗುಲಲ್ಲಿ ತೂಗಾಡುವುದು ಕೆಲವೇ ವಾರ. ಬೆಳೆಗಾರನ ಕೈಗೆ ವರ್ಷಕ್ಕೊಮ್ಮೆ ಬರುವ ಆ ಹಣವೇ ಮುಂದಿನ ಬೀಜಕ್ಕೂ ಗೊಬ್ಬರಕ್ಕೂ ಮಗಳ ಕಾಲೇಜಿಗೂ ಆಗಬೇಕು. ತೋಟಿಗನ ಅಡಕೆ ಚಳಿಗಾಲದಲ್ಲಿ ಕೊಯ್ಲಾಗಿ, ಅಂಗಳದಲ್ಲಿ ಒಣಗಿ, ಸುಲಿದು ಚಾಲಿಯಾಗಿ ಕುಮಟೆಯ ಮಾರುಕಟ್ಟೆಗೆ ಬರುವ ವೇಳೆಗೆ ದರ ಎತ್ತ ತಿರುಗಿರುವುದೋ ಯಾರೂ ಬಲ್ಲವರಿಲ್ಲ. ಭಟ್ಕಳದ ಮಲ್ಲಿಗೆ ದಿನವೂ ಹಣ ತರುತ್ತದೆ ನಿಜ. ಆದರೆ ಮದುವೆಯ ಮುಹೂರ್ತಗಳು ಕೂಡಿಬಂದಾಗ ಏರಿದ ದರವು ಮುಹೂರ್ತವಿಲ್ಲದ ಮಾಸದಲ್ಲಿ ಕೊಯ್ದ ಕೂಲಿಯನ್ನೂ ಹುಟ್ಟಿಸಲಾರದು. ಭಟ್ಕಳದ ನವಾಯತ ಮನೆತನಗಳಿಗೆ ಆಧಾರವಾದ ಕೊಲ್ಲಿ ರಾಷ್ಟ್ರಗಳ ನೌಕರಿಯಾದರೂ ಒಂದು ಒಪ್ಪಂದದ ಅವಧಿಗೆ ಕಟ್ಟುಬಿದ್ದದ್ದು. 2020ರಲ್ಲಿ ಮಹಾಮಾರಿ ಬಂದು ದುಡಿಯಹೋದವರು ಬರಿಗೈಯಲ್ಲಿ ಮರಳಿದಾಗ ಆ ಅಸ್ಥಿರತೆ ಊರಿಗೆಲ್ಲ ಅರಿವಾಯಿತು.

ಬರುವುದು ಹೀಗೆ ಋತುವಿಗೊಮ್ಮೆ. ಕೊಡಬೇಕಾದದ್ದು ಮಾತ್ರ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಸಂಘದ ಕಂತು ಮಳೆಯನ್ನು ನೋಡುವುದಿಲ್ಲ. ಬೈಕಿನ ಕಂತು ಕಡಲಿನ ಅಬ್ಬರವನ್ನು ಕೇಳುವುದಿಲ್ಲ. ಆದಕಾರಣ ಜೂನ್ ಜುಲೈಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ, ಬಳೆಯೋ ಸರವೋ ಅಡವಿಗೆ ಹೋಗುತ್ತದೆ, ಮುಂದಿನ ಸುಗ್ಗಿಯ ಮೀನನ್ನು ತನಗೇ ಒಪ್ಪಿಸಬೇಕೆಂಬ ಷರತ್ತಿನ ಮೇಲೆ ವ್ಯಾಪಾರಿಯಿಂದ ಮುಂಗಡ ಬರುತ್ತದೆ. ಆಗಸ್ಟಿನಲ್ಲಿ ಕಡಲಿಗಿಳಿಯುವ ಹೊತ್ತಿಗೆ ಹಿಡಿಯಬೇಕಾದ ಮೀನಿನ ಒಂದು ಭಾಗ ಆಗಲೇ ಬೇರೆಯವರದಾಗಿರುತ್ತದೆ.

ಬೋಟಿನಲ್ಲಿ ದುಡಿಯುವ ಒಬ್ಬ ಕಲಾಸಿಯ ಸಂಸಾರವನ್ನು ಉದಾಹರಣೆಗೆಂದು ಭಾವಿಸೋಣ. ಹತ್ತು ತಿಂಗಳ ದುಡಿಮೆಯಲ್ಲಿ ಆತನ ಪಾಲಿಗೆ 1,80,000 ರೂಪಾಯಿ ಬಂದಿತೆನ್ನಿ. ಇದು ತಿಂಗಳಿಗೆ ಸರಾಸರಿ 18,000. ಆದರೆ ಬಂದ ರೀತಿ ಹಾಗಲ್ಲ. ಬಂಗುಡೆಯ ಹೊಡೆತ ಬಿದ್ದ ತಿಂಗಳು 28,000 ಬಂದಿರಬಹುದು, ಬಲೆ ಬರಿದಾದ ತಿಂಗಳು 9,000. ಮನೆಯ ಜೀವನಕ್ರಮ ಆ 28,000ದ ತಿಂಗಳಲ್ಲಿ ನಿಶ್ಚಯವಾಗುತ್ತದೆ: ಹೊಸ ಮೊಬೈಲು, ನೆಂಟರಿಷ್ಟರಿಗೆ ಊಟ, ಕಂತಿನ ಮೇಲೆ ಟೀವಿ. ಈ ಸಂಸಾರದ ನಿಜವಾದ ಆದಾಯವಾದರೋ 28,000ವೂ ಅಲ್ಲ, 18,000ವೂ ಅಲ್ಲ. 1,80,000ವನ್ನು ಹತ್ತರಿಂದಲ್ಲ, ಹನ್ನೆರಡರಿಂದ ಭಾಗಿಸಿದಾಗ ಬರುವ 15,000. ದುಡಿಯುವ ಪ್ರತಿ ತಿಂಗಳೂ 3,000 ರೂಪಾಯಿ ತೆಗೆದಿಟ್ಟರೆ ಹತ್ತು ತಿಂಗಳಿಗೆ 30,000 ಕೂಡುತ್ತದೆ. ಅದು ಎರಡು ತಿಂಗಳ ನಿಷೇಧದ ಅವಧಿಗೆ ಸರಿಹೋಗುತ್ತದೆ. ಆ 3,000 ಬೋಟು ಓಡುವಾಗಲೂ ಮಳೆಗಾಲದ ಸ್ವತ್ತು; ಅದನ್ನು ಮುಟ್ಟುವುದೆಂದರೆ ಜೂನ್ ತಿಂಗಳ ಅನ್ನದಿಂದ ಕಡ ತೆಗೆದಂತೆ. ಸರಕಾರವೂ ಈ ತತ್ತ್ವವನ್ನೇ ಒಪ್ಪಿ ಮೀನುಗಾರರ ಉಳಿತಾಯ ಪರಿಹಾರ ಯೋಜನೆಯನ್ನು ನಡೆಸುತ್ತಿದೆ. ಮೀನುಗಾರನು ಕಟ್ಟುವ 1,500 ರೂಪಾಯಿಗೆ ಕೇಂದ್ರವೂ ರಾಜ್ಯವೂ ತಲಾ ಅಷ್ಟೇ ಸೇರಿಸಿ 4,500ನ್ನು ಮಳೆಗಾಲದಲ್ಲಿ ಹಿಂದಿರುಗಿಸುವ ಏರ್ಪಾಡು ಅದು. ಮೊತ್ತ ಅಲ್ಪವಾದರೂ ಅದರ ಹಿಂದಿನ ವಿವೇಕ ದೊಡ್ಡದು.

ಇನ್ನು ಸಾಲದ ಗಣಿತ. ಇದೇ ಸಂಸಾರಕ್ಕೆ 50,000 ರೂಪಾಯಿಯ ಖಾಸಗಿ ಸಾಲವಿದೆಯೆನ್ನಿ. ಬಡ್ಡಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ಕೇಳುವಾಗ ಮೂರೆಂಬುದು ಸಣ್ಣ ಸಂಖ್ಯೆ. ವರ್ಷಕ್ಕೆ ಅದು ಶೇಕಡಾ 36. ತಿಂಗಳ ಬಡ್ಡಿ 1,500ನ್ನು ತಪ್ಪದೆ ಕಟ್ಟುತ್ತ ಬಂದವನು ತಾನು ಪ್ರಾಮಾಣಿಕ ಸಾಲಗಾರನೆಂಬ ಸಮಾಧಾನದಲ್ಲಿರುತ್ತಾನೆ, ಪ್ರಾಮಾಣಿಕನೂ ಹೌದು. ಆದರೆ ಮೂವತ್ತೊಂದು ತಿಂಗಳ ಕೊನೆಗೆ ಆತನು 46,500 ರೂಪಾಯಿ ತೆತ್ತಿರುತ್ತಾನೆ, ಅಸಲು 50,000 ಒಂದು ಪೈಸೆಯೂ ಕರಗದೆ ನಿಂತಿರುತ್ತದೆ. ಅದೇ ಮನುಷ್ಯನು ಹೇಗಾದರೂ ಮಾಡಿ ತಿಂಗಳಿಗೆ ಇನ್ನೊಂದು ಸಾವಿರ ಸೇರಿಸಿ 2,500ರಂತೆ ಕಟ್ಟಿದ್ದರೆ, ಅದೇ ಮೂವತ್ತೊಂದನೆಯ ತಿಂಗಳಿಗೆ ಅಸಲು ಬಡ್ಡಿ ಎರಡೂ ತೀರಿ ಸಾಲಪತ್ರ ಕೈಗೆ ಬರುತ್ತಿತ್ತು. ಒಬ್ಬನು ಮುಕ್ತನಾಗಿ ಇನ್ನೊಬ್ಬನು ಆಜೀವ ಬದ್ಧನಾಗಿ ಉಳಿಯುವುದಕ್ಕೆ ನಡುವಣ ಅಂತರ ತಿಂಗಳಿಗೆ ಒಂದು ಸಾವಿರ ರೂಪಾಯಿ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಪಡೆಯುತ್ತಿರುವ ಗೃಹಿಣಿಯು ಅದರ ಅರ್ಧವನ್ನು ಹೀಗೆ ಅಸಲಿಗೆ ಸೇರಿಸುವಂತಿದ್ದರೆ, ಸಂಸಾರದ ಇತಿಹಾಸವೇ ಬದಲಾಗುತ್ತದೆ. ಇನ್ನು, ಆ ಸಾಲವನ್ನು ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ಸಹಕಾರಿ ಸಂಘಕ್ಕೆ ವರ್ಗಾಯಿಸಿಕೊಳ್ಳಲು ಸಾಧ್ಯವಾದರೆ, ಅದೇ 2,500ರ ಕಂತಿನಲ್ಲಿ ಇಪ್ಪತ್ತಮೂರನೆಯ ತಿಂಗಳಿಗೇ ಋಣ ಪರಿಹಾರವಾಗುತ್ತದೆ.

ಬಡ್ಡಿಯನ್ನು ಹೇಳುವ ಕ್ರಮದಲ್ಲಿಯೂ ಎಚ್ಚರ ಬೇಕು. 12,000 ರೂಪಾಯಿ ಸಾಲಕ್ಕೆ ಶೇಕಡಾ 12ರ ಬಡ್ಡಿಯೆಂದು 1,440 ಸೇರಿಸಿ, ಹನ್ನೆರಡು ತಿಂಗಳು 1,120ರಂತೆ ಕಟ್ಟಿಸಿಕೊಂಡರೆ, ಅದು ನಿಜವಾಗಿ ಶೇಕಡಾ 12 ಅಲ್ಲ. ಅಸಲು ಪ್ರತಿ ತಿಂಗಳೂ ಕರಗುತ್ತಿದ್ದರೂ ಮೊದಲ ದಿನದ ಪೂರ್ಣ ಮೊತ್ತಕ್ಕೇ ವರ್ಷವಿಡೀ ಬಡ್ಡಿ ತೆತ್ತಂತಾಗುವುದರಿಂದ, ಬೀಳುವ ದರ ಶೇಕಡಾ 21ನ್ನು ಮೀರುತ್ತದೆ. ಭಾರತೀಯ ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಹೊರಡಿಸಿದ ಕಿರುಸಾಲದ ನಿರ್ದೇಶನಗಳಲ್ಲಿ, ವರ್ಷಕ್ಕೆ 3 ಲಕ್ಷ ರೂಪಾಯಿಯವರೆಗೆ ಆದಾಯವುಳ್ಳ ಕುಟುಂಬದ ಎಲ್ಲ ಸಾಲಗಳ ಕಂತುಗಳೂ ಕೂಡಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದೂ, ಸಾಲದ ನಿಜವಾದ ವೆಚ್ಚವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದೂ, ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕಕೂಡದೆಂದೂ ವಿಧಿಸಿದೆ. ಆ ಕಾಗದವನ್ನು ಕೇಳಿ ಪಡೆಯುವುದು ಸಾಲಗಾರನ ಹಕ್ಕು. ಆದರೆ ಅರ್ಧವೆಂಬುದು ಕಾನೂನಿನ ಗರಿಷ್ಠ ಮಿತಿಯೇ ಹೊರತು ಸಂಸಾರದ ಆದರ್ಶವಲ್ಲ. 15,000ದ ಮನೆಯಲ್ಲಿ 7,500 ಕಂತಿಗೆ ಹೋದರೆ ಉಳಿದದ್ದರಲ್ಲಿ ಅಕ್ಕಿ, ಔಷಧ, ಶಾಲೆ, ಬಸ್ಸು ಎಲ್ಲವೂ ಆಗಬೇಕು, ಆಗದು. ಆಗದ್ದನ್ನು ಆಗಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದು ರೂಢಿ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದರ ಕಂತಿಗೆ ಕೈಗಡ, ಕೈಗಡಕ್ಕೆ ಬಂಗಾರದ ಅಡವು: ಹೀಗೆ ಸಾಲವು ಸಾಲವನ್ನು ಹಡೆಯತೊಡಗಿದ ಮೇಲೆ ಯಾವ ಸಾಲವನ್ನು ಯಾತಕ್ಕೆ ಮಾಡಿದೆವೆಂಬುದೂ ಮನೆಯವರಿಗೆ ನೆನಪಿರುವುದಿಲ್ಲ. ರೈತರಲ್ಲಿ ಇದರದೇ ಇನ್ನೊಂದು ರೂಪವುಂಟು. ಸಹಕಾರಿ ಸಂಘದ ಶೂನ್ಯಬಡ್ಡಿಯ ಬೆಳೆಸಾಲವು ಸಕಾಲದಲ್ಲಿ ತೀರಿಸಿದವರಿಗೆ ಮಾತ್ರ ಲಭ್ಯವಾದ್ದರಿಂದ, ನಾಲ್ಕು ದಿನದ ಮಟ್ಟಿಗೆ ಬಡ್ಡಿಯವರಲ್ಲಿ ಹಣ ತಂದು ಕಟ್ಟಿ, ಹೊಸ ಸಾಲ ಮಂಜೂರಾದೊಡನೆ ಅವರಿಗೆ ಹಿಂದಿರುಗಿಸುವುದು. ಪುಸ್ತಕದಲ್ಲಿ ಸಾಲ ತೀರಿದಂತೆ ಕಾಣುತ್ತದೆ. ತೋಟಿಗನ ಹೆಗಲಿನಿಂದ ಅದು ಇಳಿದಿರುವುದಿಲ್ಲ.

ಸಾಲಗಾರನನ್ನು ಕಾಪಾಡುವುದಕ್ಕೆ ನಮ್ಮ ನಾಡಿನಲ್ಲಿ ಕಾನೂನುಗಳು ಎಂದೂ ಇರಲಿಲ್ಲವೆಂದಲ್ಲ. 1862ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತಷ್ಟೆ. ಆ ಇಲಾಖೆಯ ನ್ಯಾಯಾಲಯಗಳು ದಾಮದುಪ್ಪಟವೆಂಬ ಪ್ರಾಚೀನ ಧರ್ಮಶಾಸ್ತ್ರದ ನಿಯಮವನ್ನು ಮನ್ನಿಸುತ್ತಿದ್ದುವು. ಯಾವ ಕಾಲದಲ್ಲಿಯೂ ಒಮ್ಮೆಗೆ ವಸೂಲು ಮಾಡುವ ಬಡ್ಡಿಯ ಬಾಕಿ ಅಸಲಿನ ಮೊತ್ತವನ್ನು ಮೀರಕೂಡದೆಂಬುದು ಅದರ ಸಾರ. 1875ರ ಆ ರೈತ ದಂಗೆಯ ತರುವಾಯ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂದಿತು. ಮುಂಬಯಿ ಸರಕಾರ 1939ರಲ್ಲಿ ಕೃಷಿಕ ಸಾಲಗಾರರ ಪರಿಹಾರ ಕಾಯಿದೆಯನ್ನು ಮಾಡಿತು. ದೇವರಾಜ ಅರಸರ ಆಡಳಿತದಲ್ಲಿ 1976ರ ಋಣ ಪರಿಹಾರ ಕಾಯಿದೆ ದುರ್ಬಲರ ಖಾಸಗಿ ಸಾಲಗಳನ್ನು ಅಳಿಸಿತು. 2025ರ ಫೆಬ್ರುವರಿಯಲ್ಲಿ, ಕಿರುಸಾಲ ವಸೂಲಿಯವರ ಹಿಂಸೆಗೆ ಜನರು ಊರು ಬಿಡುವಂತಾದಾಗ, ಬಲಾತ್ಕಾರದ ವಸೂಲಿಗೆ ಹತ್ತು ವರ್ಷದವರೆಗೆ ಕಾರಾಗೃಹವನ್ನೂ 5 ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುವ ಅಧ್ಯಾದೇಶವನ್ನು ಕರ್ನಾಟಕ ಸರಕಾರ ಹೊರಡಿಸಿತು. ಇವೆಲ್ಲವೂ ಅಗತ್ಯವಾದವು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದು ಆಸ್ಪತ್ರೆಯ ಬಿಲ್ಲಿಗೆಂದು ಸಾಲ ಮಾಡಿದವನಿಗೆ, ದುಡಿಮೆಯೇ ಹೊಟ್ಟೆಗೆ ಸಾಲದವನಿಗೆ, ಮಿತವ್ಯಯದ ಬೋಧೆ ಮಾಡುವುದು ನಿರ್ದಯ. ಅವರಿಗೆ ಬೇಕಾದದ್ದು ಕಾನೂನಿನ ಆಶ್ರಯ, ಸಹಕಾರ, ನೆರವು. ಆದರೆ ಕಾನೂನು ಹಳೆಯ ಸಾಲವನ್ನು ತೊಡೆಯಬಲ್ಲುದೇ ಹೊರತು ಹೊಸದು ಹುಟ್ಟುವುದನ್ನು ತಡೆಯಲಾರದು. ಆ ಕಾರ್ಯ ಮನೆಯೊಳಗೇ ನಡೆಯಬೇಕು.

ಸಾಲವನ್ನು ಕುರಿತು ಈ ಕರಾವಳಿಯ ಜನರ ಮನಸ್ಸಿನಲ್ಲಿ ಎರಡು ಮಹತ್ತಾದ ಭಾವನೆಗಳಿವೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ಸೀಮೆಯಲ್ಲಿ, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರಿಗೆ ನಕ್ಷತ್ರಿಕನು ಅಪರಿಚಿತನಲ್ಲ. ವಿಶ್ವಾಮಿತ್ರನಿಗೆ ಕೊಡಬೇಕಾದ ಹಣಕ್ಕಾಗಿ ಹರಿಶ್ಚಂದ್ರನ ಬೆನ್ನು ಹತ್ತಿ, ಕಾಡಿನಲ್ಲಿಯೂ ಕಾಶಿಯಲ್ಲಿಯೂ ಕ್ಷಣಮಾತ್ರವೂ ಬಿಡದೆ ಪೀಡಿಸುವ ಆ ಪಾತ್ರವನ್ನು ಕಂಡು ಸಭೆ ನಗುತ್ತದೆ. ಬಾಗಿಲಲ್ಲಿ ವಸೂಲಿಯವನು ಕುಳಿತ ಮನೆಯವರು ಮಾತ್ರ ನಗಲಾರರು. ಕೊಟ್ಟ ಮಾತಿಗೆ ತಪ್ಪದೆ ಹೆಂಡತಿಯನ್ನೂ ಮಗನನ್ನೂ ತನ್ನನ್ನೂ ಮಾರಿಕೊಂಡ ಆ ರಾಜನು ನಮ್ಮ ಸತ್ಯದ ಪರಮಾದರ್ಶ. ಸಾಲ ತೀರಿಸುವುದು ಮರ್ಯಾದೆಯ ವಿಷಯವೆಂಬ ಭಾವನೆ ಈ ನೆಲದಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಭಟ್ಕಳದ ಮುಸಲ್ಮಾನ ಸಮಾಜದಲ್ಲಿಯಾದರೋ, ಬಡ್ಡಿ ನಿಷಿದ್ಧವೆಂಬ, ಬಡ್ಡಿಯಿಲ್ಲದೆ ಕೊಡುವ ಕರ್ಜೆ ಹಸನಾ ಪುಣ್ಯಕಾರ್ಯವೆಂಬ, ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಅವಧಿ ಕೊಡಬೇಕೆಂಬ ಧರ್ಮಬುದ್ಧಿ ಇದೆ. ಮೊದಲನೆಯದು ಸಾಲ ಪಡೆದವನ ಧರ್ಮ, ಎರಡನೆಯದು ಸಾಲ ಕೊಟ್ಟವನ ಧರ್ಮ. ಇವೆರಡೂ ಕೂಡಿದಲ್ಲಿ ಸಾಲವು ಶೂಲವಾಗುವುದಿಲ್ಲ. ಆದಕಾರಣ ಕಷ್ಟದ ತಿಂಗಳಲ್ಲಿ ಸಾಲಿಗನ ಕಣ್ಣು ತಪ್ಪಿಸಿ ತಿರುಗುವುದಕ್ಕಿಂತ, ಕಂತಿನ ದಿನಕ್ಕೆ ಮುಂಚೆಯೇ ಹೋಗಿ, ಇಷ್ಟು ಕೊಡಬಲ್ಲೆ, ಉಳಿದದ್ದಕ್ಕೆ ಇಷ್ಟು ಅವಧಿ ಬೇಕು ಎಂದು ನೇರವಾಗಿ ಕೇಳುವುದು ಮೇಲು. ಮಕ್ಕಳ ಶಾಲೆಯನ್ನೂ ಮನೆಯ ಅನ್ನವನ್ನೂ ಬಲಿಗೊಟ್ಟು ಮಾತು ಉಳಿಸಿಕೊಳ್ಳಬೇಕೆಂದು ಈ ಕಾಲದ ಗೃಹಸ್ಥನನ್ನು ಯಾವ ಧರ್ಮವೂ ಕೇಳುವುದಿಲ್ಲ.

ಹಾಗಾದರೆ ಎಲ್ಲಿ ಕಡಿಮೆ ಮಾಡುವುದು? ಮೊದಲು ಲೆಕ್ಕ ಬರೆಯಬೇಕು. ಎರಡು ರೂಪಾಯಿಯ ಬೆಂಕಿಪೆಟ್ಟಿಗೆಯಿಂದ ಹಿಡಿದು ಬರೆಯುವ ಒಂದು ಪುಸ್ತಕವು, ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ, ಹಣ ಎಲ್ಲಿಗೆ ಹೋಯಿತೆಂಬ ಗಂಡಹೆಂಡಿರ ವಾದವನ್ನು ನಿಲ್ಲಿಸುತ್ತದೆ. ಅದರ ಒಂದು ಪುಟದಲ್ಲಿ ಸಾಲಗಳೆಲ್ಲವನ್ನೂ ಬಡ್ಡಿಯ ದರದ ಅನುಕ್ರಮದಲ್ಲಿ ಬರೆದು, ಎಲ್ಲಕ್ಕೂ ಕನಿಷ್ಠ ಕಂತನ್ನು ಕಟ್ಟುತ್ತ, ಹೆಚ್ಚುವರಿಯಾಗಿ ಕೂಡಿದ್ದೆಲ್ಲವನ್ನೂ ಅತ್ಯಧಿಕ ಬಡ್ಡಿಯ ಸಾಲದ ಅಸಲಿಗೆ ಹಾಕತಕ್ಕದ್ದು. ವರ್ಷವರ್ಷವೂ ಬಡ್ಡಿ ಮಾತ್ರ ಕಟ್ಟಿ ನವೀಕರಿಸುತ್ತಿರುವ ಬಂಗಾರದ ಅಡವಿದ್ದರೆ, ಒಂದು ಒಡವೆಯನ್ನು ಮಾರಿ ಉಳಿದವನ್ನು ಬಿಡಿಸಿಕೊಳ್ಳುವ ಧೈರ್ಯ ಮಾಡಬೇಕು. ಪೆಟ್ಟಿಗೆಯಲ್ಲಿ ಅಡವಾಗಿ ಕುಳಿತ ಬಂಗಾರ ಮನೆಯ ಮಾನವನ್ನು ಕಾಯುವುದಿಲ್ಲ. ಕಂತಿನ ಮೇಲೆ ಕೊಳ್ಳುವ ಅಭ್ಯಾಸವನ್ನು ಸಾಲ ತೀರುವವರೆಗೆ ಸಂಪೂರ್ಣವಾಗಿ ನಿಲ್ಲಿಸಬೇಕು. ಮದುವೆ, ಗೃಹಪ್ರವೇಶಗಳಲ್ಲಿ ನೆರೆಮನೆಯ ವೈಭವದೊಡನೆ ಸ್ಪರ್ಧಿಸಬಾರದು. ಮೂಗಿಗಿಂತ ಮೂಗುತಿ ಭಾರವಾದ ಸಮಾರಂಭಗಳು ನಮ್ಮ ಊರುಗಳಲ್ಲಿ ಹಲವು ಮನೆಗಳ ತೋಟವನ್ನೂ ದೋಣಿಯನ್ನೂ ನುಂಗಿವೆ. ಕೊಲ್ಲಿಯಲ್ಲಿ ದುಡಿಯುವ ಮಗನಿರುವ ಮನೆಯವರು, ವೀಸಾಕ್ಕೆಂದು ಮಾಡಿದ ಸಾಲ ತೀರುವ ಮುನ್ನವೇ ಮಹಡಿ ಕಟ್ಟಲು ಹೊರಡಬಾರದು; ಅಲ್ಲಿಯ ದಿನಾರು ದಿರ್ಹಮುಗಳನ್ನು ಇಲ್ಲಿಯ ರೂಪಾಯಿಗೆ ಪರಿವರ್ತಿಸಿ ಹಿಗ್ಗುವಾಗ, ಅವನು ಅಲ್ಲಿ ಎಷ್ಟು ಮಂದಿಯೊಡನೆ ಒಂದು ಕೋಣೆಯಲ್ಲಿ ಮಲಗುತ್ತಾನೆಂಬುದನ್ನೂ ನೆನೆಯಬೇಕು. ಕಡಿಮೆ ಮಾಡಬಾರದ ವೆಚ್ಚಗಳೂ ಇವೆ: ಔಷಧ, ಮಕ್ಕಳ ಓದು, ದುಡಿಮೆಯ ಸಾಧನ. ಬಲೆ ಹರಿದದ್ದನ್ನು ಹೊಲಿಯದೆ ಉಳಿಸಿದ ಹಣ ಉಳಿತಾಯವಲ್ಲ.

ಇದನ್ನೆಲ್ಲ ಒಬ್ಬರೇ ಗುಟ್ಟಾಗಿ ಮಾಡಲಾಗದು. ಸಾಲವನ್ನು ಹೆಂಡತಿಯಿಂದ ಮುಚ್ಚಿಟ್ಟ ಗಂಡನೂ ಸಂಘದ ಸಾಲವನ್ನು ಗಂಡನಿಂದ ಮುಚ್ಚಿಟ್ಟ ಹೆಂಡತಿಯೂ ಒಂದೇ ಮನೆಯಲ್ಲಿದ್ದರೆ, ಆ ಮನೆಯ ನಿಜವಾದ ಋಣವೆಷ್ಟೆಂಬುದನ್ನು ಅರಿತವರು ಒಬ್ಬರೂ ಇರುವುದಿಲ್ಲ. ತಿಂಗಳಿಗೊಮ್ಮೆ, ಬೆಳೆದ ಮಕ್ಕಳನ್ನೂ ಕೂಡಿಸಿಕೊಂಡು, ಆ ಪುಸ್ತಕವನ್ನು ತೆರೆದಿಟ್ಟು ಮಾತನಾಡುವುದು ಯಾವ ಆರ್ಥಿಕ ಸಲಹೆಗಿಂತಲೂ ಹೆಚ್ಚು ಫಲಕಾರಿ. ಬೇಡಿಕೆಯನ್ನು ಹಿಂದೆಗೆದುಕೊಳ್ಳುವ ಔದಾರ್ಯ ಮಕ್ಕಳಲ್ಲಿ ನಾವು ಊಹಿಸಿದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಸಣ್ಣ ಮೊತ್ತವನ್ನು ಕ್ರಮವಾಗಿ ಕೂಡಿಸುವ ಕಲೆ ಕರಾವಳಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಸಂಗ್ರಹಿಸತೊಡಗಿದಾಗ, ಬ್ಯಾಂಕಿನ ಮೆಟ್ಟಿಲು ಹತ್ತದ ಬಡವನೂ ಠೇವಣಿದಾರನಾದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತಾದರೂ, ಪಿಗ್ಮಿಯೆಂಬ ಹೆಸರೂ ಪದ್ಧತಿಯೂ ನಮ್ಮ ಸಹಕಾರಿ ಸಂಘಗಳಲ್ಲಿ ಇನ್ನೂ ಜೀವಂತವಾಗಿವೆ. ಮಲ್ಲಿಗೆ ಕಟ್ಟಿ ಮಾರುವವಳಿಗೂ ಮೀನು ಮಾರುವವಳಿಗೂ, ದಿನದ ಗಳಿಕೆಯಿಂದ ದಿನವೇ ತೆಗೆದಿಡುವ ಆ ಕ್ರಮಕ್ಕಿಂತ ಯೋಗ್ಯವಾದದ್ದು ಬೇರೆ ಕಾಣೆವು.

ಸಾಲದ ಕೊನೆಯ ಕಂತನ್ನು ಕಟ್ಟಿದ ತಿಂಗಳು ಈ ಸಾಧನೆಯ ಅತ್ಯಂತ ಕಠಿಣವಾದ ಗಳಿಗೆ. ಇಷ್ಟು ಕಾಲ ಬಿಗಿಹಿಡಿದ ಮನಸ್ಸು ಆಗ ಸಡಿಲವಾಗುತ್ತದೆ; ಕಂತಿನ ಹಣ ಕೈಯಲ್ಲಿ ಉಳಿಯುತ್ತಲೇ ಹೊಸ ಕಂತಿಗೆ ಆಸೆ ಹುಟ್ಟುತ್ತದೆ. ಆ ಕಲಾಸಿಯ ಸಂಸಾರವು ಮೂವತ್ತೊಂದು ತಿಂಗಳು ಅಭ್ಯಾಸ ಮಾಡಿದ 2,500ರ ಕಂತನ್ನು ನಿಲ್ಲಿಸದೆ, ಇನ್ನೊಂದೇ ವರ್ಷ ತನ್ನ ಹೆಸರಿನಲ್ಲಿಯೇ ಕಟ್ಟಿಕೊಳ್ಳಲಿ. ವರ್ಷಾಂತ್ಯಕ್ಕೆ 30,000 ರೂಪಾಯಿ ಕೂಡುತ್ತದೆ. ನಿಷೇಧದ ಅವಧಿಗೆ ತೆಗೆದಿಡುವ ಹಣವನ್ನು ಮುಟ್ಟದೆಯೇ, ಎರಡು ತಿಂಗಳ ಸಂಪೂರ್ಣ ಮನೆಖರ್ಚು ಪ್ರತ್ಯೇಕವಾಗಿ ಕೈಯಲ್ಲಿದ್ದಂತಾಯಿತು. ಎಂಜಿನು ಕೆಟ್ಟರೂ ಜ್ವರ ಬಂದರೂ ಆ ಮನೆಯವರು ಇನ್ನು ನೂರಕ್ಕೆ ಮೂರರ ಬಡ್ಡಿಯವನ ಬಾಗಿಲಿಗೆ ಹೋಗಬೇಕಾದದ್ದಿಲ್ಲ. ವ್ಯಾಪಾರಿಯ ಮುಂಗಡಕ್ಕೆ ತಲೆಬಾಗಿ, ತಾವು ಹಿಡಿದ ಮೀನನ್ನು ಅವನು ಹೇಳಿದ ದರಕ್ಕೆ ಒಪ್ಪಿಸಬೇಕಾದದ್ದೂ ಇಲ್ಲ.